ಊರಿನ ಹಿಮ್ಮಡಿ

ನಮ್ಮ ಮನೆಯ ಫ್ರೀಜರಿನಲ್ಲಿ, ಹಿದುಕಿಟ್ಟ ಅವರೆಕಾಳಿನ ಡಬ್ಬಿಯ ಪಕ್ಕ, ಒಂದು ನೀರಿನ ಬಾಟಲಿ ಸದಾ ಗಟ್ಟಿಯಾಗಿ ಹೆಪ್ಪುಗಟ್ಟಿ ಮಲಗಿರುತ್ತದೆ. ಅದು ಕುಡಿಯುವುದಕ್ಕಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದ ಮೇಲೆ ಅದನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟು, ಕುರ್ಚಿಯಲ್ಲಿ ಕೂತು, ಚಪಾತಿ ಲಟ್ಟಿಸುವ ಹಾಗೆ ಅಂಗಾಲಿನ ಕೆಳಗೆ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತೇನೆ. ಆಮೇಲೆ ತೊಳೆದು ಮತ್ತೆ ಫ್ರೀಜರಿಗೆ. ಹೋದ ಬೇಸಿಗೆಯಲ್ಲಿ ನಾನು ಮನೆಯಲ್ಲಿ ಇಲ್ಲದಾಗ ಬೀಗರು ಬಂದಿದ್ದರು. ನಮ್ಮ ಯಜಮಾನರು ರಿಟೈರ್ ಆದ ಮೇಲೆ ಅತಿಥಿ ಸತ್ಕಾರ ಕಲಿಯುತ್ತಿದ್ದಾರೆ. ಬಿಸಿಲಲ್ಲಿ ಬಂದವರಿಗೆ ತಣ್ಣೀರು ಕೊಡೋಣ ಎಂದು ಆ ಬಾಟಲಿಯನ್ನೇ ಕರಗಿಸಿ ಕೊಟ್ಟಿದ್ದಾರೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಬೀಗರು ಕೊನೆಯ ಗುಟುಕು ಮುಗಿಸಿ, ಇಂಥ ತಂಪು ನೀರು ತಮ್ಮ ದೇವನಹಳ್ಳಿಯಲ್ಲೂ ಸಿಗುವುದಿಲ್ಲ ಎಂದು ಹೊಗಳುತ್ತಿದ್ದರು. ನಾನು ಏನು ಹೇಳಲಿ, ಇನ್ನೊಂದು ಲೋಟ ಬೇಕೇ ಎಂದು ಕೇಳಿದೆ.

ಹಿಮ್ಮಡಿ ನೋವು ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಗೊತ್ತಿರುವವರು ಇಷ್ಟನ್ನು ಬಿಟ್ಟು ಮುಂದಕ್ಕೆ ಹೋಗಬಹುದು, ಆದರೆ ನಿಧಾನವಾಗಿ ಹೋಗಿ. ಬೆಳಿಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟ ತಕ್ಷಣ ಹಿಮ್ಮಡಿಯ ಒಳಗೆ ಯಾರೋ ಮೊಳೆ ಹೊಡೆದ ಹಾಗಾಗುತ್ತದೆ. ಗೋಡೆ ಹಿಡಿದು, ತುದಿಗಾಲಲ್ಲಿ, ಕಳ್ಳಿಯಂತೆ ಬಚ್ಚಲುಮನೆಯವರೆಗೆ ಹೋಗಬೇಕು. ಮುಖ ತೊಳೆದು ಕಾಫಿ ಕಾಯಿಸುವ ಹೊತ್ತಿಗೆ ನೋವು ಹಿಂದೆ ಸರಿದಿರುತ್ತದೆ. ನೋವೇ ಇರಲಿಲ್ಲವೇನೋ, ಕನಸು ಕಂಡೆನೇನೋ ಎಂದು ಅನುಮಾನ ಬರುವಷ್ಟು ಸರಿಹೋಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಕೂತು ಎದ್ದರೆ ಮತ್ತೆ ಹಾಜರ್. ಇದರ ಕಷ್ಟವೇನೆಂದರೆ ಯಾರಿಗೂ ತೋರಿಸಲು ಏನೂ ಇರುವುದಿಲ್ಲ. ಊತವಿಲ್ಲ, ಗಾಯವಿಲ್ಲ. ಯಜಮಾನರು ಕನ್ನಡಕ ಹಾಕಿಕೊಂಡು ನನ್ನ ಪಾದವನ್ನು ತಿರುಗಿಸಿ ಮುರುಗಿಸಿ ನೋಡಿ, ಚೆನ್ನಾಗಿಯೇ ಇದೆಯಲ್ಲ ಎಂದು ತೀರ್ಪು ಕೊಟ್ಟರು.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಹೋಗಿಬರುವ ಬಸ್ಸು. ಕಂಡಕ್ಟರ್ ಸೀಟು ಎಂದು ಒಂದಿದೆ, ಅದರ ಮೇಲೆ ಸಾಮಾನ್ಯವಾಗಿ ಯಾರದೋ ಮಗು, ಯಾರದೋ ರೇಷ್ಮೆಗೂಡಿನ ಚೀಲ, ಇಲ್ಲವೇ ಹಲಸಿನಹಣ್ಣು ಕೂತಿರುತ್ತದೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಊರಿನ ಎಲ್ಲ ಅಕ್ಕಂದಿರಿಗೂ ತವರಿನ ನೆನಪು ವಾರವಾರವೂ ಬರುತ್ತಿದೆ. ಬರಲಿ, ನನಗೂ ಸಂತೋಷವೇ, ಜಾಗವಿಲ್ಲದಿದ್ದರೂ ಜಗಳವಾಡಿಕೊಂಡು ನಗುತ್ತಾ ಹೋಗುತ್ತೇವೆ. ಆದರೆ ಹಾಗೆ ಹಗಲೆಲ್ಲ ಕುಲುಕುವ ತಗಡಿನ ಮೇಲೆ ನಿಂತರೆ ಹಿಮ್ಮಡಿ ಎಷ್ಟು ದಿನ ಸಹಿಸೀತು. ನಾನು ಕುಂಟುವುದನ್ನು ಕಂಡು ಯಾರಾದರೂ ಕೇಳಿದರೆ ಮುಳ್ಳು ಚುಚ್ಚಿದೆ ಎನ್ನುತ್ತಿದ್ದೆ. ಆ ಮುಳ್ಳು ಬಹಳ ತಿಂಗಳು ನನ್ನ ಕಾಲಲ್ಲೇ ಇತ್ತು.

ಹೀಗೆ ಮುಚ್ಚಿಡುವುದಕ್ಕೆ ಕಾರಣವಿದೆ. ನಾನು ಕಾಲು ಮುಂದಾಗಿ ಹುಟ್ಟಿದವಳು. ಎಲ್ಲರೂ ತಲೆ ಮೊದಲು ಹೊರಗೆ ಹಾಕಿ ಲೋಕ ಹೇಗಿದೆ ಎಂದು ನೋಡಿದರೆ, ನಾನು ನೋಡದೆಯೇ ಹೆಜ್ಜೆ ಇಟ್ಟವಳು. ನಮ್ಮ ಕಡೆ ಒಂದು ನಂಬಿಕೆ ನಿಮಗೂ ಗೊತ್ತಿರಬಹುದು. ಬೆನ್ನು ಹಿಡಿದುಕೊಂಡರೆ, ಸೊಂಟ ಉಳುಕಿದರೆ, ಹೀಗೆ ಹುಟ್ಟಿದವರ ಹಿಮ್ಮಡಿಯಿಂದ ಮುಟ್ಟಿಸಿಕೊಂಡರೆ ಸಾಕು, ಉಳುಕು ಬಿಡುತ್ತದೆ. ರಾಜಘಟ್ಟದ ಹತ್ತಿರದ ನಮ್ಮ ಊರಿನಲ್ಲಿ ಹಾಗೆ ಹುಟ್ಟಿದವಳು ಆಗ ನಾನೊಬ್ಬಳೇ. ಅಂದರೆ ಇಡೀ ಊರಿನ ಬೆನ್ನುಗಳ ಜವಾಬ್ದಾರಿ ನನ್ನ ಎರಡು ಹಿಮ್ಮಡಿಗಳ ಮೇಲಿತ್ತು. ಅಂಥವಳ ಹಿಮ್ಮಡಿಗೇ ನೋವು ಬಂದಿದೆ ಎಂದರೆ ಯಾರ ಮುಂದೆ ಹೇಳಿಕೊಳ್ಳುವುದು.

ನನ್ನ ಮೊದಲ ರೋಗಿ ದೊಡ್ಡಮ್ಮ, ಅಂದರೆ ನಮ್ಮ ತಂದೆಯ ಅಣ್ಣನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ನಾನಿನ್ನೂ ತೊಟ್ಟಿಲ ಕೂಸಾಗಿದ್ದಾಗ ದೊಡ್ಡಮ್ಮನಿಗೆ ಬೆನ್ನು ಹಿಡಿದು ನೆಟ್ಟಗೆ ನಿಲ್ಲಲಾರದೆ ಹೋಯಿತಂತೆ. ಜಗಲಿಯ ಮೇಲೆ ಬೋರಲು ಮಲಗಿ, ನನ್ನ ಪುಟ್ಟ ಪಾದವನ್ನು ಬೆನ್ನಿಗೆ ಮುಟ್ಟಿಸಿಕೊಂಡ ತಕ್ಷಣ ಎದ್ದು, ತಲೆಯ ಮೇಲೊಂದು ಕಂಕುಳಲ್ಲೊಂದು ಬಿಂದಿಗೆ ಇಟ್ಟುಕೊಂಡು ಸೇದುವ ಬಾವಿಯಿಂದ ನೀರು ತಂದಳಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನನಗೇ ಆ ಘಟನೆ ನೆನಪಿದೆ ಎನ್ನುವಷ್ಟಾಗಿದೆ.

ಬುದ್ಧಿ ಬಂದ ಮೇಲೆ ನನ್ನ ಬೆಳಗುಗಳೆಲ್ಲ ಜಗಲಿಯ ಮೇಲೆಯೇ. ಈ ಚಿಕಿತ್ಸೆಗೆ ರೋಗಿಯೂ ವೈದ್ಯೆಯೂ ಖಾಲಿ ಹೊಟ್ಟೆಯಲ್ಲಿರಬೇಕು, ಮಾತಾಡಬಾರದು ಎಂಬ ನಿಯಮವಿತ್ತು. ನಾನು ಕಣ್ಣುಜ್ಜಿಕೊಂಡು ಹೊರಗೆ ಬರುವಾಗ ಯಾರೋ ಒಬ್ಬರು ಬೋರಲು ಬಿದ್ದಿರುತ್ತಿದ್ದರು. ಅಮ್ಮ ನನ್ನ ಪಾದ ತೊಳೆಯುತ್ತಿದ್ದಳು. ನಾನು ಗೋಡೆ ಹಿಡಿದು, ನೋವಿದ್ದ ಕಡೆ ಹಿಮ್ಮಡಿಯಿಂದ ಮೂರು ಸಲ ಮೆಲ್ಲಗೆ ಒತ್ತುತ್ತಿದ್ದೆ. ಆಮೇಲೆ, ದೊಡ್ಡವರಿಗೆ ಕಾಲು ತಗುಲಿಸಿದ ದೋಷಕ್ಕೆ ಅವರ ಪಾದ ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಅವರು ನನ್ನ ಬಾಯಿಗೆ ಒಂದು ಚೂರು ಬೆಲ್ಲ ಹಾಕುತ್ತಿದ್ದರು. ಹಲ್ಲುಜ್ಜುವ ಮೊದಲೇ ಬೆಲ್ಲ ತಿಂದು ನನ್ನ ಹಾಲುಹಲ್ಲುಗಳು ಬೇಗನೆ ಹೋದವು, ಊರಿನ ಬೆನ್ನುಗಳು ಉಳಿದವು.

ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಕೂಡ ಒಂದು ದಿನ ಬಂದು ಮಲಗಿದರು. ಹಿಂದಿನ ದಿನವೇ ಅವರು ಮಗ್ಗಿ ತಪ್ಪಿದ್ದಕ್ಕೆ ನನ್ನ ಕೈ ಬೆರಳ ಗೆಣ್ಣಿಗೆ ರೂಲುದೊಣ್ಣೆಯಲ್ಲಿ ಬಿಟ್ಟಿದ್ದರು. ಆ ಬೆಳಿಗ್ಗೆ ನನ್ನ ಹಿಮ್ಮಡಿಗೆ ಎಲ್ಲಿಲ್ಲದ ಶಕ್ತಿ ಬಂತು. ಮಾತಾಡಬಾರದು ಎಂಬ ನಿಯಮ ಇದ್ದಿದ್ದರಿಂದ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು. ಬೆನ್ನು ಸರಿಹೋಯಿತು ಎಂದು ಅವರೇ ಊರಿಗೆಲ್ಲ ಹೇಳಿದರು. ಇನ್ನೊಂದು ಸಲ ಬರಲು ಮಾತ್ರ ಅವರು ಮನಸ್ಸು ಮಾಡಲಿಲ್ಲ.

ನನ್ನ ಹಿಮ್ಮಡಿ ನನ್ನದಾಗಿರಲಿಲ್ಲ ಎನ್ನುವುದು ನನಗೆ ಆಗಲೇ ಗೊತ್ತಾಗಿತ್ತು. ಓರಗೆಯ ಹುಡುಗಿಯರು ಬರಿಗಾಲಲ್ಲಿ ರಾಗಿ ಕೂಳೆ ತುಳಿದುಕೊಂಡು ಓಡುವಾಗ ನನಗೆ ಚಪ್ಪಲಿ ಕಡ್ಡಾಯ. ಚಳಿಗಾಲದಲ್ಲಿ ಹಿಮ್ಮಡಿ ಒಡೆಯಬಾರದೆಂದು ಅಮ್ಮ ಹರಳೆಣ್ಣೆ ತಿಕ್ಕುತ್ತಿದ್ದಳು. ನಾನು ಹುಣಸೆಮರ ಹತ್ತಿದರೆ, ಕೊಂಬೆ ಮುರಿದೀತು ಎಂದಾಗಲಿ, ನಾನು ಬಿದ್ದೇನು ಎಂದಾಗಲಿ ಯಾರೂ ಹೇಳುತ್ತಿರಲಿಲ್ಲ. ಕಾಲು ಜೋಪಾನ ಎಂದು ಕೂಗುತ್ತಿದ್ದರು.

ನನ್ನ ಮದುವೆಯನ್ನೂ ಅದೇ ಮಾಡಿಸಿದ್ದು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಬೇಕಲ್ಲವೇ. ನಮ್ಮ ಮಾವನವರು ಅದನ್ನೆಲ್ಲ ಬಿಟ್ಟು, ಹುಡುಗಿ ಕಾಲು ಮುಂದಾಗಿ ಹುಟ್ಟಿದವಳಂತೆ ಹೌದೇ ಎಂದು ಕೇಳಿದರು. ಹೌದು ಎಂದ ಕೂಡಲೇ ಶರ್ಟು ಬಿಚ್ಚಿ ಚಾಪೆಯ ಮೇಲೆ ಬೋರಲಾದರು. ಜರತಾರಿ ಸೀರೆ ಎತ್ತಿ ಹಿಡಿದುಕೊಂಡು ಆ ಸಭೆಯ ನಡುವೆ ಭಾವಿ ಮಾವನ ಸೊಂಟಕ್ಕೆ ಕಾಲು ಕೊಟ್ಟವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ವರ ಮಹಾಶಯರು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮಾವ ಎದ್ದು, ಸೊಂಟವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಪ್ಪಿಗೆ ಎಂದರು. ವರನನ್ನು ಯಾರೂ ಕೇಳಿದ ಹಾಗೆ ನನಗೆ ನೆನಪಿಲ್ಲ.

ಇಂಥ ಹಿಮ್ಮಡಿಗೆ ನೋವು ಬಂದಾಗ ಬಸ್ಸಿನ ಜನ ಮುಳ್ಳಿನ ಕಥೆಯನ್ನು ಬಹಳ ದಿನ ನಂಬಲಿಲ್ಲ. ವಿಜಯಪುರದ ಕಡೆಯವರಿಗೆ ನನ್ನ ಹುಟ್ಟಿನ ಮಹಿಮೆ ಗೊತ್ತಿಲ್ಲ, ಹಾಗಾಗಿ ಅವರ ಮುಂದೆ ಬಾಯಿ ಬಿಟ್ಟೆ. ಬಿಟ್ಟಿದ್ದೇ ತಪ್ಪಾಯಿತು. ಒಬ್ಬರು ಬಿಸಿ ಉಪ್ಪುನೀರು ಎಂದರು, ಇನ್ನೊಬ್ಬರು ಬಿಸಿ ಬೂದಿ ಎಂದರು, ಹಿಂದಿನ ಸೀಟಿನವರು ಪೇಟೆಯಲ್ಲೊಬ್ಬರು ಇಂಜೆಕ್ಷನ್ ಕೊಡುತ್ತಾರೆ ಎಂದರು. ಬಹುಮತ ಬಿದ್ದದ್ದು ಎಕ್ಕದ ಎಲೆಗೆ. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಒತ್ತಬೇಕು. ಡ್ಯೂಟಿಯಿಂದಲೇ ಮನೆಗೆ ಫೋನ್ ಮಾಡಿ ಹೇಳಿದ್ದೇ ತಡ, ಯಜಮಾನರು ಗ್ಯಾಸ್ ಒಲೆಯ ಮೇಲೆ ಇಟ್ಟಿಗೆ ಇಟ್ಟು ಪೇಪರ್ ಓದಲು ಕೂತರು. ಒಲೆಯ ಮೇಲೆ ಇಟ್ಟಿಗೆ ಕಂಡ ಕೆಲಸದವಳು ಸಾರ್‌ಗೆ ಏನಾಯಿತು ಎಂದು ಗಾಬರಿಯಿಂದ ನನಗೆ ಫೋನ್ ಮಾಡಿದಳು. ಶಾಖ ಹಿತವಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಮರುದಿನ ಬೆಳಿಗ್ಗೆ ಮೊಳೆ ಇದ್ದಲ್ಲೇ ಇತ್ತು.

ಕೊನೆಗೆ ದೊಡ್ಡಬಳ್ಳಾಪುರದಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆ. ಜಡಿಗೇನಹಳ್ಳಿ ಕಡೆಯ ಹುಡುಗಿ, ನಗುಮುಖ. ನನ್ನ ಅಂಗಾಲನ್ನು ಕೈಯಲ್ಲಿ ಹಿಡಿದು ಹಿಮ್ಮಡಿಯ ಒಳಮಗ್ಗುಲಲ್ಲಿ ಹೆಬ್ಬೆರಳಿಟ್ಟು ಒತ್ತಿದಳು ನೋಡಿ, ಕ್ಲಿನಿಕ್ಕಿನ ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬರು ಎದ್ದು ಮನೆಗೆ ಹೋದರಂತೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಕೆಳಗೆ ಒಂದು ದಪ್ಪ ಪಟ್ಟಿ ಇರುತ್ತದಂತೆ. ನಿಂತೂ ನಿಂತೂ ಅದು ಹಿಮ್ಮಡಿಗೆ ಅಂಟಿಕೊಂಡ ಕಡೆ ನೊಂದುಕೊಳ್ಳುತ್ತದೆ. ರಾತ್ರಿ ಮಲಗಿದಾಗ ಮುದುಡಿಕೊಂಡು, ಬೆಳಿಗ್ಗೆ ಮೊದಲ ಹೆಜ್ಜೆಗೆ ಒಮ್ಮೆಲೇ ಜಗ್ಗುತ್ತದೆ. ಅದಕ್ಕೇ ಆ ನೋವು. ಮಂಚ ಇಳಿಯುವ ಮೊದಲೇ ಟವೆಲನ್ನು ಪಾದಕ್ಕೆ ಹಾಕಿ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವಂತೆ ನಿಲ್ಲಬೇಕು. ಐಸ್ ಬಾಟಲಿ ಉರುಳಿಸಬೇಕು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಬೇಕು, ಟೈಲ್ಸ್ ಮೇಲೆ ಬರಿಗಾಲು ಬೇಡ. ತೂಕ ಸ್ವಲ್ಪ ಇಳಿಸಿದರೆ ಒಳ್ಳೆಯದು ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಎಕ್ಕದ ಎಲೆಯ ವಿಚಾರ ಕೇಳಿದ್ದಕ್ಕೆ, ಸುಟ್ಟುಕೊಳ್ಳದಿದ್ದರೆ ಶಾಖ ಕೊಡಿ, ಬೇಡ ಎನ್ನುವುದಿಲ್ಲ ಎಂದಳು. ವಾಸಿಯಾಗಲು ತಿಂಗಳುಗಳು ಬೇಕು, ಆದರೆ ಬಹಳ ಜನಕ್ಕೆ ವಾಸಿಯಾಗುತ್ತದೆ ಎಂದು ಧೈರ್ಯ ಹೇಳಿದಳು.

ಅಷ್ಟು ಚೆನ್ನಾಗಿ ಮಾತಾಡಿದ್ದರಿಂದ ನನಗೂ ಸಲಿಗೆ ಬಂದು, ಕಾಲು ಮುಂದಾಗಿ ಹುಟ್ಟಿದ ಕಥೆ ಹೇಳಿಬಿಟ್ಟೆ. ಅವಳು ನಗಲಿಲ್ಲ. ತನ್ನ ಅಜ್ಜಿಯೂ ಹಾಗೆ ಬೆನ್ನು ತುಳಿಸಿಕೊಳ್ಳುತ್ತಿದ್ದರು ಎಂದಳು. ಹಿಡಿದುಕೊಂಡ ಬೆನ್ನು ಹೆಚ್ಚಾಗಿ ಕೆಲವು ದಿನಗಳಲ್ಲಿ ತಾನೇ ಬಿಡುತ್ತದೆ, ನೀವು ಮುಟ್ಟಿದ್ದರಿಂದ ಅವರಿಗೆ ಧೈರ್ಯ ಬಂದಿರಬಹುದು, ಒಳ್ಳೆಯದೇ ಎಂದಳು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಒಂದು ಮಾತು ಸೇರಿಸಿದಳು. ವಯಸ್ಸಾದವರು ಬಿದ್ದು ಬೆನ್ನು ನೋವು ಎಂದರೆ ಮಾತ್ರ ಕಾಲು ಇಡಬೇಡಿ, ಅವರ ಮೂಳೆ ಬಿರುಕು ಬಿಟ್ಟಿರಬಹುದು, ನೇರ ಆಸ್ಪತ್ರೆಗೆ ಕರೆತನ್ನಿ ಎಂದಳು. ನಾನು ತಲೆಯಾಡಿಸಿ, ಮೆತ್ತನೆ ಚಪ್ಪಲಿ ಕೊಂಡು ಮನೆಗೆ ಬಂದೆ.

ಮುಂದಿನ ತಿಂಗಳೇ ಊರಿನಿಂದ ದೊಡ್ಡಮ್ಮನ ಮಗ ಶಿವಣ್ಣನ ಫೋನು ಬಂತು. ದೊಡ್ಡಮ್ಮ ಬಚ್ಚಲಿನಲ್ಲಿ ಜಾರಿ ಕೂತುಬಿಟ್ಟಿದ್ದಾಳೆ, ಮೂರು ನಾಲ್ಕು ದಿನವಾಯಿತು, ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ಆಸ್ಪತ್ರೆಗೆ ಹೋಗೋಣ ಎಂದರೆ ಒಪ್ಪುತ್ತಿಲ್ಲ, ಜಯ ಬರಲಿ ಎಂದು ಹಟ ಹಿಡಿದಿದ್ದಾಳೆ. ಜಯ ಅಂದರೆ ನಾನು. ಎಂಬತ್ತು ದಾಟಿದ ಮೂಳೆ, ಬಿದ್ದಿರುವ ಪೆಟ್ಟು, ಡಾಕ್ಟರು ಹೇಳಿದ್ದು ಅಕ್ಷರಶಃ ಇದೇ. ತೊಟ್ಟಿಲಲ್ಲಿದ್ದಾಗ ಆ ಬೆನ್ನಿನ ಮೇಲೆ ಇಟ್ಟ ಪಾದಕ್ಕೂ ಈಗ ತೂಕದ ಮೆಷಿನ್ನೇ ಹೆದರುವ ನನಗೂ ಬಹಳ ವ್ಯತ್ಯಾಸವಿದೆ. ದೊಡ್ಡಮ್ಮನಿಗೆ ಏನಾದರೂ ಆದರೆ ಎಂದು ನನಗೆ ಭಯವಾಯಿತು. ಅಮ್ಮ ಹೋದ ಮೇಲೆ ನನ್ನನ್ನು ಏನೇ, ಬಾರೇ ಎಂದು ಕರೆಯುವವಳು ಅವಳೊಬ್ಬಳೇ ಉಳಿದಿದ್ದಳು.

ಮರುದಿನ ರಜೆ ಹಾಕಿ ಹೊರಟೆ. ಪ್ರಯಾಣಿಕಳಾಗಿ ಕಿಟಕಿ ಪಕ್ಕ ಕೂತು, ಹೇಗೆ ಒಪ್ಪಿಸುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಾಲು ಮುಟ್ಟಿಸುವುದಿಲ್ಲ ಎಂದರೆ ಅವಳ ಮನಸ್ಸು ನೋಯುತ್ತದೆ. ಮುಟ್ಟಿಸಿದರೆ ಬೆನ್ನು. ಊರಿನಲ್ಲಿ ಇಳಿದು ಮನೆ ತಲುಪಿದರೆ ನಡುಮನೆಯಲ್ಲಿ ಆಗಲೇ ಚಾಪೆ ಹಾಸಿದೆ, ತಂಬಿಗೆಯಲ್ಲಿ ನೀರಿದೆ, ತಟ್ಟೆಯಲ್ಲಿ ಬೆಲ್ಲದ ಚೂರಿದೆ. ಅಕ್ಕಪಕ್ಕದ ಮನೆಯವರೆಲ್ಲ ಜಗಲಿಯಲ್ಲಿ ಸೇರಿದ್ದಾರೆ. ಮೆತ್ತನೆ ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಒಳಗೆ ಕಾಲಿಟ್ಟೆ. ಬಸ್ಸಿನಲ್ಲಿ ಕೂತು ಬಂದಿದ್ದೆನಲ್ಲ, ಆ ಹಾಳು ಮೊಳೆ ಸರಿಯಾಗಿ ಆಗಲೇ ಚುಚ್ಚಿತು. ಮುಖದಲ್ಲಿ ನಗು ಇಟ್ಟುಕೊಂಡೇ ಗೋಡೆ ಹಿಡಿದೆ. ದೊಡ್ಡಮ್ಮ ಒಂದೇ ಮಗ್ಗುಲಾಗಿ ಮಲಗಿದ್ದಲ್ಲಿಂದಲೇ ನನ್ನ ಮುಖ ಬಿಟ್ಟು ಕಾಲನ್ನೇ ನೋಡುತ್ತಿದ್ದಳು. ಶಿವಣ್ಣನನ್ನೂ ಸೇರಿಸಿ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಮುಂದಕ್ಕೆ ಹಾಕಿಸಿದಳು.

"ಹಿಮ್ಮಡಿ ನೋವಾ?" ಎಂದಳು.

ನಾನು ಮುಳ್ಳು ಎನ್ನಲು ಬಾಯಿ ತೆರೆದೆ. ಅವಳ ಮುಂದೆ ಆ ಸುಳ್ಳು ಬರಲಿಲ್ಲ. ಹೌದು ದೊಡ್ಡಮ್ಮ, ವರ್ಷ ಆಗ್ತಾ ಬಂತು ಎಂದೆ. ಅವಳಿಗೆ ನಗು ಬಂತು, ನಕ್ಕರೆ ಬೆನ್ನು ನೋಯುತ್ತದೆ, ನೋವಿಗೆ ಮುಖ ಹಿಂಡುತ್ತಾಳೆ, ಮತ್ತೆ ನಗುತ್ತಾಳೆ. ಅದನ್ನು ನೋಡಿ ನಾನೂ ನಕ್ಕೆ. ನಗು ಮುಗಿದ ಮೇಲೆ, ಇದೇ ಸಮಯ ಎಂದು, ಜೋಡಿಸಿಕೊಂಡು ಬಂದಿದ್ದ ಮಾತನ್ನು ತೆಗೆದೆ. ನನ್ನ ಕಾಲಿಂದ ಇದು ಆಗುವುದಲ್ಲ, ಮೂಳೆಗೆ ಪೆಟ್ಟಾಗಿರಬಹುದು, ನಿನ್ನ ಬೆನ್ನಿಗೆ ಮೊದಲನೇ ಸಲ ಆದ ಹಾಗೆ ಈಗ ಆಗುವುದಿಲ್ಲ ಎಂದೆ.

"ಮೊದಲ್ನೇ ಸಲ ನಂಗೆ ಯಾವ ನೋವೂ ಇರ್ಲಿಲ್ಲ ಕಣೇ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಮೆಲ್ಲಗೆ ಹೇಳಿದಳು. ನಾನು ಹುಟ್ಟುವಾಗ ಅಮ್ಮ ಬದುಕಿದ್ದೇ ಹೆಚ್ಚಂತೆ. ಹೆತ್ತವಳನ್ನೇ ಒದ್ದುಕೊಂಡು ಬಂದವಳು ಎಂದು ನಮ್ಮಜ್ಜಿ ನನ್ನ ಮುಖ ನೋಡಲಿಲ್ಲವಂತೆ. ಊರವರು ಬಾಣಂತಿಯನ್ನು ನೋಡಲು ಬಂದರೂ ಮಗುವನ್ನು ಎತ್ತಿಕೊಳ್ಳದೆ ಹೋಗುತ್ತಿದ್ದರಂತೆ. ಅಮ್ಮ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳಂತೆ. ದೊಡ್ಡಮ್ಮ ಈ ಮನೆಯ ಹಿರಿ ಸೊಸೆಯಾದರೂ ಅತ್ತೆಗೆ ಎದುರು ಮಾತಾಡುವ ಹಾಗಿಲ್ಲ.

"ಬಾಯಲ್ಲಿ ಏನ್ ಹೇಳಿದ್ರೂ ಯಾರು ಕೇಳ್ತಿದ್ರು? ಅದಕ್ಕೇ ಬೆನ್ನು ಹಿಡ್ಕೊಂಡೈತೆ ಅಂತ ಕಿರುಚ್ಕೊಂಡು ಜಗಲಿ ಮ್ಯಾಲೆ ಬಿದ್ದೆ. ನಿನ್ನ ಕಾಲು ಮುಟ್ಟಿಸ್ಕೊಂಡು ಎದ್ದು ನೀರು ತಂದೆ. ಮಾರ್ನೇ ದಿನ ಎಲ್ರೂ ನಿನ್ನ ಹುಡುಕ್ಕೊಂಡು ಬಂದ್ರು. ನಿಮ್ಮಜ್ಜಿನೇ ನಿನ್ನ ಎತ್ಕೊಂಡು ಆಚೆಗೆ ತಂದ್ಳು."

ಹಾಗಾದರೆ ಉಳಿದವರಿಗೆಲ್ಲ ಹೇಗೆ ವಾಸಿಯಾಯಿತು ಎಂದು ಕೇಳಿದೆ. ಅದು ನಂಗೇನು ಗೊತ್ತು, ನಾನು ಮಾಡಿದ್ದು ನಿನಗೋಸ್ಕರ ಎಂದಳು. ಇಷ್ಟು ವರ್ಷ ನಾನು ಊರಿನ ಬೆನ್ನು ಕಾಪಾಡಿದೆ ಎಂದು ಬೀಗುತ್ತಿದ್ದೆ. ನನ್ನನ್ನು ಕಾಪಾಡಿದ ಬೆನ್ನು ಇಲ್ಲಿ ಮಲಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಬಿದ್ದ ದಿನವೇ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಸಿಟ್ಟು ಮಾಡಿದೆ. ದೊಡ್ಡಮ್ಮ ಜಗಲಿಯ ಕಡೆ ಕಣ್ಣು ತೋರಿಸಿದಳು.

"ನಿನ್ನ ಕರೀದೇ ನಾನೇ ಆಸ್ಪತ್ರೆಗೆ ಹೋದ್ರೆ, ಜಯನ ಕಾಲಲ್ಲಿ ಏನೂ ಇಲ್ಲ ಅಂತ ಇವ್ರೆಲ್ಲ ಆಡ್ಕೊಳಲ್ವಾ? ಈಗ ಬಂದ್ಯಲ್ಲ. ಸುಮ್ಕೆ ಒಂದ್ಸಲ ಮುಟ್ಟಿಸ್ಬಿಟ್ಟು ಡಾಕ್ಟ್ರತ್ರ ಕರ್ಕೊಂಡೋಗು. ಈ ಸಲ ನಿಜವಾಗ್ಲೂ ನೋಯ್ತೈತೆ."

ನಾನು ಅಳುತ್ತಲೇ ಪಾದ ತೊಳೆದುಕೊಂಡೆ. ನೋವಿನ ಕಾಲಿನ ಮೇಲೆ ನಿಂತು, ಇನ್ನೊಂದು ಹಿಮ್ಮಡಿಯನ್ನು ಅವಳ ಸೀರೆಗೆ ತಗುಲಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಇಟ್ಟು ತೆಗೆದೆ. ಅವಳ ಪಾದ ಹಿಡಿದು ನಮಸ್ಕಾರ ಮಾಡಿದೆ, ಅಷ್ಟು ಬೇಗ ಬಿಡಲು ಮನಸ್ಸಾಗಲಿಲ್ಲ. ಅವಳು ಕೈ ಚಾಚಿ ತಟ್ಟೆಯಿಂದ ಬೆಲ್ಲ ತೆಗೆದು ನನ್ನ ಬಾಯಿಗಿಟ್ಟಳು. ಬಾಗಿಲು ತೆಗೆದು ಎಲ್ಲರೂ ಒಳಗೆ ಬಂದಾಗ, ಜಯನ ಕಾಲಿಗೆ ಗೊತ್ತಾಯಿತಂತೆ, ಇದು ಉಳುಕಲ್ಲ, ಮೂಳೆಯಂತೆ, ಈಗಲೇ ಡಾಕ್ಟರಿಗೆ ತೋರಿಸಬೇಕಂತೆ ಎಂದು ದೊಡ್ಡಮ್ಮ ಗಂಭೀರವಾಗಿ ಪ್ರಕಟಿಸಿದಳು. ಎಲ್ಲರೂ ತಲೆದೂಗಿದರು. ಮಲಗಿಸಿಕೊಂಡೇ ಹೋಗಲು ಶಿವಣ್ಣ ವ್ಯಾನು ತಂದ.

ಜಡಿಗೇನಹಳ್ಳಿಯ ಆ ಡಾಕ್ಟರೇ ಎಕ್ಸ್‌ರೇ ನೋಡಿ, ಬೆನ್ನಿನ ಮೂಳೆಯಲ್ಲಿ ಸಣ್ಣ ಬಿರುಕಿದೆ, ಯಾರೂ ತುಳಿಯದಿದ್ದದ್ದು ಪುಣ್ಯ ಎಂದಳು. ಬೆಲ್ಟು, ಮಾತ್ರೆ, ವಿಶ್ರಾಂತಿ ಎಂದು ಹೇಳಿ ಕಳಿಸಿದಳು. ಆ ದಿನದಿಂದ ನಮ್ಮ ಊರಿನಲ್ಲಿ ನನ್ನ ಕಾಲಿಗೆ ಹೊಸ ಕೀರ್ತಿ ಬಂದಿದೆ. ಒಳಗಿನ ಮೂಳೆಯನ್ನೂ ಪತ್ತೆ ಮಾಡುತ್ತದಂತೆ. ಈಗ ಯಾರಾದರೂ ಬೆನ್ನು ಹಿಡಿದುಕೊಂಡು ಬಂದರೆ ಪಾದವನ್ನು ಮೆಲ್ಲಗೆ ಮುಟ್ಟಿಸಿ, ಬೆಲ್ಲ ತಿಂದು, ಡಾಕ್ಟರ ಹತ್ತಿರ ಹೋಗಲು ಕಾಲು ಹೇಳುತ್ತಿದೆ ಎನ್ನುತ್ತೇನೆ. ನಾನು ಹೇಳಿದರೆ ಕೇಳದವರು ಕಾಲು ಹೇಳಿದರೆ ಕೇಳುತ್ತಾರೆ.

ಕೆಲವು ತಿಂಗಳ ಮೇಲೆ ಬೆಲ್ಟು ಬಿಚ್ಚಿದ ದೊಡ್ಡಮ್ಮ ತನ್ನ ತಂಗಿಯನ್ನು ನೋಡಲು ವಿಜಯಪುರಕ್ಕೆ ಹೊರಟು ನನ್ನ ಬಸ್ಸನ್ನೇ ಹತ್ತಿದಳು. ಕಂಡಕ್ಟರ್ ಸೀಟಿನಿಂದ ಯಾರದೋ ಹಲಸಿನಹಣ್ಣು ಇಳಿಸಿ ಅವಳನ್ನು ಕೂರಿಸಿದೆ. ಅವಳು ಮೊದಲು ನೋಡಿದ್ದು ನನ್ನ ಕಾಲನ್ನು. ಹೆಂಗೈತೆ ಎಂದು ಕೇಳಿದಳು. ಬಹಳ ವಾಸಿ ದೊಡ್ಡಮ್ಮ, ಬೆಳಿಗ್ಗೆ ಮೊದಲನೇ ಹೆಜ್ಜೆ ಮಾತ್ರ ಕಷ್ಟ, ಆಮೇಲೆ ಏನೂ ಗೊತ್ತಾಗಲ್ಲ ಎಂದೆ.

"ಹುಟ್ಟಿದಾಗ್ಲೂ ನಿಂಗೆ ಅದೊಂದೇ ಕಷ್ಟ ಆಗಿದ್ದು ಕಣೇ" ಎಂದು ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. "ಆಮೇಲೆ ನಡ್ಕೊಂಡ್ ಬಂದ್ಯಲ್ಲ."

ನಾನು ಅವಳಿಗೆ ಉಚಿತ ಟಿಕೆಟ್ ಹರಿದು ಕೊಟ್ಟು ಸೀಟಿ ಊದಿದೆ. ಬಸ್ಸು ಹೊರಟಿತು.